ಹ್ಯಾಡ್ಲಿಯ ಹೊಲದಿಂದ ಬಜ್ಪೆಯ ಗುಡ್ಡೆವರೆಗೆ

(ನ್ಯೂಜೆರ್ಸಿಯಲ್ಲಿ ನಡೆದ ನಮ್ಮ ಕುಟುಂಬ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಬಿರಿಯಾನಿಯ ಪಾತ್ರೆ ಬರುವವರೆಗೆ ಮಾತಾಡಿ ಅಂತ ನಮಗೆ ಸಮಯ ಕೊಟ್ಟಿದ್ದಾರೆ. ಪಾತ್ರೆ ಸ್ವಲ್ಪ ತಡವಾಗಲಿ ಅಂತ ನಾವು, ಬೇಗ ಬರಲಿ ಅಂತ ನೀವು. ನೋಡುವ.

ಈ ಬೇಸಿಗೆಯಲ್ಲಿ ನಮ್ಮಲ್ಲಿ ಏಳೆಂಟು ಕುಟುಂಬಗಳು ಸೇರಿ ಒಂದು ಕೆಲಸ ಮಾಡಿದೆವು. ಕೆಲವು ಭಾನುವಾರ ವ್ಯಾನು ಮಾಡಿಕೊಂಡು ಇಲ್ಲಿನ ಹಳೆಯ, ಮರೆತುಹೋದ ವಿಮಾನ ಮೈದಾನಗಳನ್ನು ಹುಡುಕಿಕೊಂಡು ಹೋದೆವು. ಕೇಳಿದವರು ನಕ್ಕರು. "ವಿಮಾನ ನೋಡ್ಲಿಕ್ಕೆ ನೆವಾರ್ಕ್‌ಗೆ ಹೋದ್ರೆ ಸಾಕಲ್ವಾ ಮಾರಾಯ್ರೆ?" ಅಂದರು. ನಾವು ಹೋದದ್ದು ವಿಮಾನ ನೋಡಲಿಕ್ಕಲ್ಲ. ವಿಮಾನ ಇಲ್ಲದ ಜಾಗ ನೋಡಲಿಕ್ಕೆ.

ಶುರುವಾದದ್ದು ಹೀಗೆ. ನಮ್ಮ ಸಹೋದರರೊಬ್ಬರು ಸೌತ್ ಪ್ಲೇನ್‌ಫೀಲ್ಡ್‌ನಲ್ಲಿ ಗೋದಾಮಿನ ಕೆಲಸಕ್ಕಿದ್ದಾರೆ. ಲಾರಿಯಿಂದ ಪೆಟ್ಟಿಗೆ ಇಳಿಸುವುದು, ಲೇಬಲ್ ಅಂಟಿಸುವುದು, ಪುನಃ ಲಾರಿಗೆ ಹತ್ತಿಸುವುದು. ಅಲ್ಲೇ ಹತ್ತಿರ ಹ್ಯಾಡ್ಲಿ ರೋಡ್ ಉಂಟು, ಹ್ಯಾಡ್ಲಿ ಸೆಂಟರ್ ಅಂತ ದೊಡ್ಡ ಅಂಗಡಿ ಸಾಲು ಉಂಟು. ಎಡಿಸನ್ ಕಡೆಯವರು ನೀವೆಲ್ಲ ಅಲ್ಲಿ ಸಾಮಾನು ತಂದವರೇ. ಒಂದು ದಿನ ಅವರ ಮಗಳು ಕೇಳಿದ್ದಂತೆ, "ಬಾಪಾ, ಹ್ಯಾಡ್ಲಿ ಅಂದ್ರೆ ಯಾರು?" ಇವರಿಗೆ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ. ಹುಡುಕಿದಾಗ ಗೊತ್ತಾಯಿತು, ಹ್ಯಾಡ್ಲಿ ಒಬ್ಬ ಕೃಷಿಕ. ಆ ಅಂಗಡಿ ಸಾಲು, ಆ ಪಾರ್ಕಿಂಗ್ ಎಲ್ಲ ಅವನ ಹೊಲವಿದ್ದ ಕಡೆ. ಆ ಹೊಲ ಒಂದು ಕಾಲದಲ್ಲಿ ನ್ಯೂಯಾರ್ಕ್ ಪಟ್ಟಣದ ವಿಮಾನ ಅಂಚೆಯ ನಿಲ್ದಾಣವಾಗಿತ್ತು.

ಇದನ್ನು ಸ್ವಲ್ಪ ನಿಧಾನ ಹೇಳಬೇಕು. ಈ ದೇಶದಲ್ಲಿ ವಿಮಾನ ಅಂಚೆ ಶುರುವಾದದ್ದು 1918ರಲ್ಲಿ. ವಿಮಾನದಲ್ಲಿ ಜನ ಕೂತು ಹೋಗುವ ಕಾಲ ಇನ್ನೂ ಬಂದಿರಲಿಲ್ಲ. ಮೊದಲು ಹಾರಿದ್ದು ಕಾಗದ, ಅದರ ಹಿಂದೆ ಮನುಷ್ಯ. ನ್ಯೂಯಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಕಾಗದ ಕೊಂಡುಹೋಗುವ ವ್ಯವಸ್ಥೆ ಆಗಿತ್ತು, ಆದರೆ ಹಗಲು ಮಾತ್ರ. ಕತ್ತಲಾದರೆ ವಿಮಾನ ಇಳಿಯಬೇಕು, ಚೀಲ ರೈಲಿಗೆ ಹಾಕಬೇಕು, ಬೆಳಗ್ಗೆ ಬೇರೆ ಊರಿನಲ್ಲಿ ಪುನಃ ವಿಮಾನಕ್ಕೆ ಹಾಕಬೇಕು. ಹೀಗಾದರೆ ರೈಲಿಗಿಂತ ಎಷ್ಟು ಬೇಗ ಆದೀತು? ಸರಕಾರ ಇದನ್ನು ನಿಲ್ಲಿಸಿಬಿಡುತ್ತದೆ ಅನ್ನುವ ಹಂತಕ್ಕೆ ಬಂದಿತ್ತು.

ಆಗ, 1921ರ ಫೆಬ್ರವರಿಯಲ್ಲಿ, ರಾತ್ರಿಯೂ ಹಾರಿ ತೋರಿಸುತ್ತೇವೆ ಅಂತ ಪೈಲಟ್‌ಗಳು ಹೊರಟರು. ಜ್ಯಾಕ್ ನೈಟ್ ಅಂತ ಒಬ್ಬ ನೆಬ್ರಾಸ್ಕದ ನಾರ್ತ್ ಪ್ಲಾಟ್‌ನಿಂದ ಓಮಾಹಾಕ್ಕೆ ರಾತ್ರಿ ಹಾರಿ ಬಂದ. ಅವನ ಪಾಳಿ ಅಲ್ಲಿಗೆ ಮುಗಿಯಿತು. ಆದರೆ ಮುಂದೆ ಕೊಂಡುಹೋಗಬೇಕಾದವ ಬಂದಿರಲಿಲ್ಲ. ಪಾಳಿ ಬದಲಿಸುವವ ಬಾರದೆ ಎರಡನೇ ಪಾಳಿಯೂ ಮಾಡಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಜ್ಯಾಕ್ ನೈಟ್‌ನೂ ಹಾಗೆ, ತಾನು ಯಾವತ್ತೂ ಹಾರದ ದಾರಿಯಲ್ಲಿ, ರಸ್ತೆಯ ನಕ್ಷೆ ಹಿಡಿದುಕೊಂಡು ಶಿಕಾಗೋಗೆ ಹೊರಟ. ಕೆಳಗೆ ಹಳ್ಳಿಯವರು ಬೆಂಕಿ ಹಾಕಿ ದಾರಿ ತೋರಿಸಿದರು. ಬೆಳಗ್ಗೆ ಚೀಲ ಶಿಕಾಗೋ ಮುಟ್ಟಿತು. ಆ ಅಂಚೆ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ 33 ಗಂಟೆ ಚಿಲ್ಲರೆಯಲ್ಲಿ ಬಂದು ಸೇರಿತು. ಆಮೇಲೆ ಸರಕಾರಕ್ಕೆ ಮನಸ್ಸು ಬಂತು. ಬೆಂಕಿಯ ಬದಲಿಗೆ ದಾರಿಯುದ್ದಕ್ಕೂ ತಿರುಗುವ ದೀಪದ ಗೋಪುರಗಳನ್ನು ನಿಲ್ಲಿಸಿದರು. ನಮ್ಮ ಕಡೆ ಕಾಪು ಕಡಲಕರೆಯ ದೀಪಸ್ತಂಭ ಇಲ್ವಾ, ಹಾಗೆ, ಆದರೆ ನೆಲದ ಮೇಲೆ, ವಿಮಾನಕ್ಕಾಗಿ.

1924ರ ಕೊನೆಗೆ ನ್ಯೂಯಾರ್ಕಿನ ವಿಮಾನ ಅಂಚೆಯನ್ನು ಲಾಂಗ್ ಐಲ್ಯಾಂಡ್‌ನಿಂದ ಹ್ಯಾಡ್ಲಿಯ ಹೊಲಕ್ಕೆ ತಂದರು. 1925ರ ಜುಲೈ 1ರ ರಾತ್ರಿ ಇಲ್ಲಿಂದ ಶಿಕಾಗೋಗೆ ರಾತ್ರಿ ಅಂಚೆ ಶುರುವಾಯಿತು. ನೋಡಲಿಕ್ಕೆ ಸಾವಿರಾರು ಜನ ಸೇರಿದ್ದರು. ವಿಮಾನಕ್ಕೆ ಮುಚ್ಚಿಗೆ ಇರಲಿಲ್ಲ. ಪೈಲಟ್‌ನ ತಲೆ ಗಾಳಿಗೆ, ಮಳೆಗೆ. ಕಾಗದದ ಚೀಲ ಮಾತ್ರ ಒಳಗೆ ಬೆಚ್ಚಗೆ. ಸರಕಾರವೇ ನಡೆಸಿದ ಆ ಒಂಬತ್ತು ಹತ್ತು ವರ್ಷದ ಅಂಚೆ ಕೆಲಸದಲ್ಲಿ ಮೂವತ್ತಕ್ಕೂ ಹೆಚ್ಚು ಪೈಲಟ್‌ಗಳು ಸತ್ತರು. ಮಂಜು, ಬೆಟ್ಟ, ಎಂಜಿನ್ ಕೈಕೊಟ್ಟದ್ದು. ಮುಂದೆ 1928ರಲ್ಲಿ ಜವುಗು ನೆಲ ತುಂಬಿಸಿ ನೆವಾರ್ಕ್ ನಿಲ್ದಾಣ ಮಾಡಿದ ಮೇಲೆ ಅಂಚೆ ಅಲ್ಲಿಗೆ ಹೋಯಿತು. ಹ್ಯಾಡ್ಲಿಯಲ್ಲಿ ಸಣ್ಣ ವಿಮಾನಗಳು ಹತ್ತಾರು ವರ್ಷ ಹಾರಾಡಿದವು, ನಂತರ ಅದೂ ನಿಂತಿತು.

ಈಗ ಅದೇ ಜಾಗದ ಸುತ್ತ ನಮ್ಮವರು ರಾತ್ರಿ ಪಾಳಿಯಲ್ಲಿ ಪೆಟ್ಟಿಗೆಗೆ ಲೇಬಲ್ ಅಂಟಿಸುತ್ತಾರೆ. ಕೆಲಸ ಏನೂ ಬದಲಾಗಿಲ್ಲ ಅಂತ ಆ ಸಹೋದರರು ನಕ್ಕು ಹೇಳಿದರು. ಅಂದೂ ರಾತ್ರಿ ಕೂತು ಯಾರದೋ ವಿಳಾಸಕ್ಕೆ ಯಾರದೋ ಸಾಮಾನು ಕಳಿಸುವುದು, ಇಂದೂ ಅದೇ.

ಕಾಗದದ ಮಾತು ಬಂದಾಗ ವ್ಯಾನಿನಲ್ಲಿ ಹೆಂಗಸರು ಸುಮ್ಮನೆ ಕೂರಲಿಲ್ಲ. ನಮ್ಮ ತಾಯಂದಿರ ಕಾಲದಲ್ಲಿ ಗಂಡ ಸೌದಿಯಲ್ಲೋ ದುಬೈಯಲ್ಲೋ ಇದ್ದರೆ ಸಂಸಾರ ನಡೆದದ್ದೇ ಕಾಗದದ ಮೇಲೆ. ಎಷ್ಟೋ ಮನೆಯಲ್ಲಿ ಉಮ್ಮನಿಗೆ ಓದಲಿಕ್ಕೆ ಬರುತ್ತಿರಲಿಲ್ಲ. ಪಕ್ಕದ ಮನೆಯ ಶಾಲೆಗೆ ಹೋಗುವ ಹುಡುಗಿಯನ್ನು ಕರೆದು ಓದಿಸುವುದು, ಅವಳಿಂದಲೇ ಉತ್ತರ ಬರೆಸುವುದು. ಏಳನೇ ಕ್ಲಾಸಿನ ಹುಡುಗಿಗೆ ಊರಿನವರ ಸಾಲ, ಅತ್ತೆ ಸೊಸೆ ಜಗಳ, ಯಾರ ಮಗಳಿಗೆ ಎಷ್ಟು ಚಿನ್ನ, ಎಲ್ಲ ಗೊತ್ತು! ಇಲ್ಲಿ ಕೂತ ಇಬ್ಬರು ಅಜ್ಜಿಯಂದಿರು ಹಾಗೆ ಕಾಗದ ಬರೆದುಕೊಟ್ಟ ಹುಡುಗಿಯರೇ. ಅವರ ಕನ್ನಡ ಅಕ್ಷರ ಇವತ್ತಿಗೂ ಮುತ್ತಿನ ಹಾಗೆ ಉಂಟು. ಉತ್ತರ ಬರಲಿಕ್ಕೆ ಹದಿನೈದು ದಿನ, ಒಂದು ತಿಂಗಳು. ಅಷ್ಟರಲ್ಲಿ ಕಾಗದದಲ್ಲಿ ಜ್ವರ ಅಂತ ಬರೆದ ಮಗು ಗುಣವಾಗಿ ಆಡುತ್ತಿರುತ್ತದೆ. ಎಸ್.ಎ. ಜಮೀಲ್ ಅವರ ದುಬೈ ಕತ್ತ್ ಪಾಟ್ಟ್ ಕ್ಯಾಸೆಟ್ ನಮ್ಮ ಮನೆಗಳಲ್ಲೂ ಓಡಿದ್ದು ಸುಮ್ಮನೆ ಅಲ್ಲ.

ನಮ್ಮ ದೇಶದಲ್ಲೂ ಮೊದಲು ಹಾರಿದ್ದು ಕಾಗದವೇ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹ್ಮದಾಬಾದ್ ಮಾರ್ಗವಾಗಿ ಬೊಂಬಾಯಿಯ ಜುಹೂಗೆ ಅಂಚೆಯ ವಿಮಾನ ತಂದರು. ಅದು ಪುಸ್ ಮಾತ್ ಅನ್ನುವ ಸಣ್ಣ ವಿಮಾನ. ಅಹ್ಮದಾಬಾದಿನಲ್ಲಿ ಅದಕ್ಕೆ ಪೆಟ್ರೋಲ್ ಬಂದದ್ದು ಎತ್ತಿನ ಗಾಡಿಯಲ್ಲಿ. ಇದು ಎಷ್ಟೋ ಜನ ಕೇಳಿದ ಕಥೆ. ಮುಂದಿನದ್ದು ಕಮ್ಮಿ ಜನಕ್ಕೆ ಗೊತ್ತು. ಆ ಚೀಲವನ್ನು ನೆವಿಲ್ ವಿನ್ಸೆಂಟ್ ಎಂಬ ಪೈಲಟ್ ಬೊಂಬಾಯಿಯಿಂದ ಮದರಾಸಿಗೆ ಕೊಂಡುಹೋದ, ಬಳ್ಳಾರಿ ಮಾರ್ಗವಾಗಿ. ಬೆಂಗಳೂರಲ್ಲ, ಮಂಗಳೂರಲ್ಲ, ಬಳ್ಳಾರಿ! ಭಾರತದ ಮೊದಲ ವಿಮಾನ ಕಂಪೆನಿಯ ಮೊದಲ ದಾರಿಯಲ್ಲಿ ಇದ್ದ ಕನ್ನಡದ ಊರು ಅದು. ಬಳ್ಳಾರಿ ಅಂದರೆ ಗಣಿ ಅಂತ ಮಾತ್ರ ನಮಗೆ ನೆನಪಾಗುವುದು.

ಎರಡನೇ ಭಾನುವಾರ ಲಾಂಗ್ ಐಲ್ಯಾಂಡಿಗೆ ಹೋದೆವು. ಅಲ್ಲಿ ರೂಸ್‌ವೆಲ್ಟ್ ಫೀಲ್ಡ್ ಅಂತ ದೊಡ್ಡ ಮಾಲ್ ಉಂಟು. ನಮ್ಮ ಕೆಲವರು ಅಲ್ಲಿ ಬಟ್ಟೆ ಅಂಗಡಿಯಲ್ಲಿ ದುಡಿದಿದ್ದಾರೆ. ಹೆಸರಿನಲ್ಲಿ ಫೀಲ್ಡ್ ಯಾಕೆ ಉಂಟು ಅಂತ ಯಾರೂ ಕೇಳಿರಲಿಲ್ಲ. ಅದು ವಿಮಾನ ಮೈದಾನ. ಮೊದಲ ಮಹಾಯುದ್ಧದಲ್ಲಿ 1918ರಲ್ಲಿ ಸತ್ತ ಪೈಲಟ್ ಕ್ವೆಂಟಿನ್ ರೂಸ್‌ವೆಲ್ಟ್‌ನ ಹೆಸರು. ಹಿಂದಿನ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ನ ಮಗ. 1927ರ ಮೇ 20ರ ಬೆಳಗ್ಗೆ ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬನೇ ಹತ್ತಿ, ಎಲ್ಲೂ ಇಳಿಯದೆ, ಮೂವತ್ತಮೂರುವರೆ ಗಂಟೆಯಲ್ಲಿ ಪ್ಯಾರಿಸ್ ಮುಟ್ಟಿದ್ದು ಇಲ್ಲಿಂದಲೇ. ಅದು ಶಾಲೆಯ ಪುಸ್ತಕದಲ್ಲಿ ಉಂಟು, ಮಕ್ಕಳಿಗೆ ಗೊತ್ತು.

ನಮಗೆ ಅದಕ್ಕಿಂತ ಇಷ್ಟವಾದದ್ದು 1919ರ ಕಥೆ. ಆ ವರ್ಷ ಜುಲೈಯಲ್ಲಿ ಆರ್-34 ಎಂಬ ಬ್ರಿಟಿಷ್ ವಾಯುನೌಕೆ ಸ್ಕಾಟ್ಲೆಂಡಿನಿಂದ ಹೊರಟು ನಾಲ್ಕೂವರೆ ದಿನ ಹಾರಿ ಇದೇ ಮೈದಾನಕ್ಕೆ ಬಂತು. ಅನಿಲ ತುಂಬಿದ ದೊಡ್ಡ ಬೆಲೂನು ಅನ್ನಿ. ಇಳಿಸುವ ಹಗ್ಗ ಹಿಡಿಯಲಿಕ್ಕೆ ಕೆಳಗೆ ಇದ್ದವರಿಗೆ ಅನುಭವ ಇಲ್ಲ. ಆಗ ಮೇಜರ್ ಪ್ರಿಚರ್ಡ್ ಅನ್ನುವವ ಪ್ಯಾರಾಚೂಟ್ ಕಟ್ಟಿಕೊಂಡು ಮೇಲಿನಿಂದ ಹಾರಿದ, ಕೆಳಗೆ ಬಂದು ನಿಂತು ಅವರಿಗೆ ಕೆಲಸ ಹೇಳಿಕೊಟ್ಟ. ಯುರೋಪಿನಿಂದ ಗಾಳಿಯಲ್ಲಿ ಬಂದು ಅಮೆರಿಕದ ನೆಲ ಮುಟ್ಟಿದ ಮೊದಲ ಮನುಷ್ಯ ಅವನು.

ಅಷ್ಟೇ ಅಲ್ಲ. ಆ ನೌಕೆಯಲ್ಲಿ ಒಬ್ಬ ಕಳ್ಳ ಪ್ರಯಾಣಿಕನೂ ಇದ್ದ. ವಿಲಿಯಂ ಬ್ಯಾಲಂಟೈನ್, ಅದೇ ನೌಕೆಯ ಕೆಲಸಗಾರ. ಭಾರ ಹೆಚ್ಚಾಯಿತು ಅಂತ ಕೊನೆಗಳಿಗೆಯಲ್ಲಿ ಅವನನ್ನು ಪಟ್ಟಿಯಿಂದ ಬಿಟ್ಟಿದ್ದರು. ದುಡಿದವ ನಾನು, ಹೋಗುವವರು ನೀವಾ ಅಂತ ಅವನಿಗೆ ಅನಿಸಿರಬೇಕು. ಹೊರಡುವ ಮುಂಚೆ ಅನಿಲದ ಚೀಲಗಳ ನಡುವೆ ಅಡಗಿ ಕೂತ, ಜೊತೆಗೆ ಒಂದು ಬೆಕ್ಕನ್ನೂ ತಂದ. ಸಮುದ್ರದ ಮೇಲೆ ಬಂದ ಮೇಲೆ ಸಿಕ್ಕಿಬಿದ್ದ, ಆದರೆ ಕೆಳಗೆ ಎಸೆಯಲಿಕ್ಕೆ ಆಗುತ್ತದಾ? ಪತ್ರವಿಲ್ಲದೆ ಅಮೆರಿಕಕ್ಕೆ ಗಾಳಿಯಲ್ಲಿ ಬಂದ ಮೊದಲಿಗ ಅವನೇ ಇರಬೇಕು ಅಂತ ನಮ್ಮಲ್ಲಿ ಒಬ್ಬರು ಹೇಳಿದಾಗ ಎಲ್ಲರೂ ನಕ್ಕರು. ನಗು ನಿಂತ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಯಾಕೆ ಅಂತ ಇಲ್ಲಿ ಕೂತವರಿಗೆ ಹೇಳಬೇಕಾಗಿಲ್ಲ.

ಆ ಮೈದಾನ 1951ರಲ್ಲಿ ಮುಚ್ಚಿತು, 1956ರಲ್ಲಿ ಮಾಲ್ ತೆರೆಯಿತು. ಸ್ವಲ್ಪ ದಕ್ಷಿಣಕ್ಕೆ ವ್ಯಾಲಿ ಸ್ಟ್ರೀಮ್‌ನಲ್ಲಿ ಗ್ರೀನ್ ಏಕರ್ಸ್ ಅಂತ ಇನ್ನೊಂದು ಮಾಲ್. ಅಲ್ಲೂ ಹಿಂದೆ ಕರ್ಟಿಸ್ ಫೀಲ್ಡ್ ಎಂಬ ಮೈದಾನ. 1929ರ ನವೆಂಬರ್ 2ರಂದು ಅಲ್ಲಿ 26 ಮಂದಿ ಮಹಿಳಾ ಪೈಲಟ್‌ಗಳು ಕೂಡಿ ಒಂದು ಸಂಘ ಕಟ್ಟಿದರು. ಕೊನೆಗೆ ಸ್ಥಾಪಕ ಸದಸ್ಯೆಯರು 99 ಆದದ್ದಕ್ಕೆ ಸಂಘಕ್ಕೆ ನೈಂಟಿ ನೈನ್ಸ್ ಅಂತಲೇ ಹೆಸರು, ಅಮೇಲಿಯಾ ಇಯರ್‌ಹಾರ್ಟ್ ಅಧ್ಯಕ್ಷೆ. ಸಂಘ ಇವತ್ತಿಗೂ ಉಂಟು, ಮೈದಾನ ಇಲ್ಲ. ನಮ್ಮ ಹೆಣ್ಣುಮಕ್ಕಳು ಆ ಪಾರ್ಕಿಂಗ್‌ನಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಹಿಂದೆ ಕಾಣುವುದು ಬರೀ ಕಾರುಗಳು, ಆದರೂ ಅವರಿಗೆ ಅದೇ ಬೇಕಾಗಿತ್ತು.

ಕ್ವೀನ್ಸ್‌ನ ಜ್ಯಾಕ್ಸನ್ ಹೈಟ್ಸ್ ನಿಮಗೆಲ್ಲ ಗೊತ್ತು. ಹಲಾಲ್ ಮಾಂಸಕ್ಕೆ, ಚಿನ್ನಕ್ಕೆ, ಊರಿಗೆ ದುಡ್ಡು ಕಳಿಸಲಿಕ್ಕೆ. ಅದರ ಉತ್ತರದ ಅಂಚಿನಲ್ಲಿ 1929ರಿಂದ 1940ರವರೆಗೆ ಹೋಮ್ಸ್ ಏರ್‌ಪೋರ್ಟ್ ಇತ್ತು. ಹತ್ತಿರದಲ್ಲೇ ಸರಕಾರದ ದುಡ್ಡಿನಲ್ಲಿ ಲಾಗಾರ್ಡಿಯಾ ಎದ್ದು ನಿಂತಾಗ ಖಾಸಗಿ ಮೈದಾನ ಉಳಿಯಲಿಲ್ಲ. ಜಾಗದಲ್ಲಿ ಬುಲೋವಾ ವಾಚ್ ಕಂಪೆನಿಯ ಕಟ್ಟಡ ಬಂತು, ಮನೆಗಳು ಬಂದವು. ಫ್ಲಶಿಂಗ್‌ನ ಮೈದಾನ 1984ರಲ್ಲಿ ಮುಚ್ಚಿ ಈಗ ನೀರು ನಿಂತ ಹುಲ್ಲುಗಾವಲು. ಅದನ್ನು ರಸ್ತೆಯಿಂದಲೇ ನೋಡಿ ಬಂದೆವು, ಹೆಚ್ಚು ಹೇಳಲಿಕ್ಕೆ ಇಲ್ಲ.

ಆದರೆ ಹೋಮ್ಸ್ ಬಗ್ಗೆ ಒಂದು ಮಾತು ಹೇಳಬೇಕು. ಆ ಹಳೆಯ ಮೈದಾನದ ಹತ್ತಿರ ಒಂದು ಕೋಣೆಯಲ್ಲಿ ನಮ್ಮ ಉಪ್ಪಿನಂಗಡಿ ಕಡೆಯ ಒಬ್ಬ ತಮ್ಮ ಇದ್ದಾನೆ. ಪೇಪರ್ ಇನ್ನೂ ಆಗಿಲ್ಲ. ಹೋದರೆ ಪುನಃ ಬರಲಿಕ್ಕಿಲ್ಲ. ಹನ್ನೊಂದು ವರ್ಷ ಆಯಿತು ಊರು ನೋಡದೆ. ಲಾಗಾರ್ಡಿಯಾಕ್ಕೆ ಇಳಿಯುವ ವಿಮಾನ ಅವನ ಕಿಟಕಿಯ ಮೇಲೆಯೇ ಹೋಗುತ್ತದೆ. ಉಮ್ಮ ತೀರಿಕೊಂಡ ದಿನ ಜನಾಝಾ ಫೋನಿನಲ್ಲಿ ನೋಡಿದ. ಆ ದಿನ ನಾವು ನಾಲ್ಕು ಜನ ಅವನ ಜೊತೆ ಕೂತಿದ್ದೆವು. ಪ್ರತಿ ಎರಡು ಮೂರು ನಿಮಿಷಕ್ಕೆ ಒಂದು ವಿಮಾನ, ಫೋನಿನಲ್ಲಿ ಉಸ್ತಾದರ ದುಆ ಕೇಳಿಸುತ್ತಿರಲಿಲ್ಲ. ಕಿಟಕಿ ಮುಚ್ಚಿದೆವು, ಆದರೂ ಕೇಳಿಸಲಿಲ್ಲ. ಇಷ್ಟೇ.

ಈಗ ಬ್ರೂಕ್ಲಿನ್‌ಗೆ ಬರುವ. ಫ್ಲಾಯ್ಡ್ ಬೆನೆಟ್ ಫೀಲ್ಡ್. ನಮ್ಮ ತಿರುಗಾಟದಲ್ಲಿ ಉಳಿದ ಹೆಚ್ಚಿನವು ಮಾಲೋ ಮನೆಯೋ ಆಗಿವೆ, ಇದು ಮಾತ್ರ ಮೈದಾನವಾಗಿಯೇ ಉಳಿದಿದೆ. ಫ್ಲಾಟ್‌ಬುಷ್ ಅವೆನ್ಯೂ ಹಿಡಿದು ದಕ್ಷಿಣಕ್ಕೆ ಹೋದರೆ ಮನೆ ಮುಗಿಯುತ್ತದೆ, ಅಂಗಡಿ ಮುಗಿಯುತ್ತದೆ, ಆಮೇಲೆ ಇದು. ರನ್‌ವೇ ಕಾಂಕ್ರೀಟ್ ಬಿರುಕು ಬಿಟ್ಟು ಹುಲ್ಲು ಎದ್ದಿದೆ. ಮಕ್ಕಳು ಸೈಕಲ್ ಬಿಡುತ್ತಾರೆ. ಒಂದು ಕಡೆ ಜನ ತರಕಾರಿ ತೋಟ ಮಾಡಿದ್ದಾರೆ. ಅಲ್ಲಿ ಬದನೆ ಗಿಡ ನೋಡಿ ನಮ್ಮ ಹೆಂಗಸರು ಅರ್ಧ ಗಂಟೆ ಕದಲಲಿಲ್ಲ.

ಇದು ಮೊದಲು ಬ್ಯಾರನ್ ಐಲ್ಯಾಂಡ್ ಎಂಬ ದ್ವೀಪ. ನ್ಯೂಯಾರ್ಕ್ ಪಟ್ಟಣದಲ್ಲಿ ಗಾಡಿ ಎಳೆದು ಸತ್ತ ಕುದುರೆಗಳನ್ನು ಇಲ್ಲಿಗೆ ತಂದು ಬೇಯಿಸಿ ಅಂಟು, ಗೊಬ್ಬರ, ಎಣ್ಣೆ ಮಾಡುತ್ತಿದ್ದರು. ಪಕ್ಕದ ಕೊಲ್ಲಿಗೆ ಇವತ್ತಿಗೂ ಸತ್ತ ಕುದುರೆಯ ಕೊಲ್ಲಿ ಅಂತಲೇ ಹೆಸರು. ಆ ವಾಸನೆಯಲ್ಲಿ ದುಡಿದವರು ಯಾರು? ಪೋಲೆಂಡಿನವರು, ಇಟಲಿಯವರು, ಐರ್ಲೆಂಡಿನವರು, ಕಪ್ಪು ಜನ. ಬೇರೆ ಕಡೆ ಕೆಲಸ ಸಿಗದವರು. ಅಲ್ಲೇ ಮನೆ, ಶಾಲೆ, ಚರ್ಚ್ ಮಾಡಿಕೊಂಡರು. ಮೈದಾನ ಮಾಡಲಿಕ್ಕೆ ಕೊಲ್ಲಿಯ ಮರಳು ಎತ್ತಿ ನೆಲ ತುಂಬಿಸಿದರು. ಕೊನೆಗೆ 1936ರಲ್ಲಿ ಉದ್ಯಾನ ಇಲಾಖೆಯ ರಾಬರ್ಟ್ ಮೋಸೆಸ್ ಉಳಿದ ಕುಟುಂಬಗಳನ್ನೂ ಎಬ್ಬಿಸಿ ಕಳಿಸಿದ. ಫ್ಲಾಯ್ಡ್ ಬೆನೆಟ್ ಉತ್ತರ ಧ್ರುವದ ಕಡೆ ಹಾರಿದ ಪೈಲಟ್, ಅವನ ಹೆಸರು ಮೈದಾನಕ್ಕೆ ಉಂಟು. ಕುದುರೆ ಬೇಯಿಸಿದವರ ಹೆಸರು ಯಾವುದಕ್ಕೂ ಇಲ್ಲ.

1931ರಲ್ಲಿ ನ್ಯೂಯಾರ್ಕ್ ನಗರದ ಮೊದಲ ಸರಕಾರಿ ವಿಮಾನ ನಿಲ್ದಾಣವಾಗಿ ಇದು ತೆರೆಯಿತು. ರನ್‌ವೇ ಒಳ್ಳೆಯದು, ಕಟ್ಟಡ ಒಳ್ಳೆಯದು. ಆದರೆ ವ್ಯಾಪಾರ ಬರಲಿಲ್ಲ. ಕಾರಣ ಪುನಃ ಕಾಗದವೇ. ಅಂಚೆ ಇಲಾಖೆ ನೆವಾರ್ಕ್ ಬಿಟ್ಟು ಕದಲಲಿಲ್ಲ. ಅಂಚೆ ಎಲ್ಲಿಯೋ ವಿಮಾನ ಕಂಪೆನಿ ಅಲ್ಲಿ, ಯಾಕೆಂದರೆ ಆಗ ಪ್ರಯಾಣಿಕರಿಂದ ಹೊಟ್ಟೆ ತುಂಬುತ್ತಿರಲಿಲ್ಲ, ಅಂಚೆಯ ದುಡ್ಡಿನಿಂದ ತುಂಬುತ್ತಿತ್ತು. ಮೇಯರ್ ಲಾಗಾರ್ಡಿಯಾಗೆ ಇದು ಸಹಿಸಲಿಲ್ಲ. 1934ರಲ್ಲಿ ಅವರು ಕೂತ ವಿಮಾನ ನೆವಾರ್ಕ್‌ನಲ್ಲಿ ಇಳಿಯಿತು. ಟಿಕೆಟ್‌ನಲ್ಲಿ ನ್ಯೂಯಾರ್ಕ್ ಅಂತ ಉಂಟು, ಇದು ನ್ಯೂಜೆರ್ಸಿ, ನಾನು ಇಳಿಯುವುದಿಲ್ಲ ಅಂತ ಕೂತೇ ಬಿಟ್ಟರು. ಕೊನೆಗೆ ಅವರನ್ನು ಫ್ಲಾಯ್ಡ್ ಬೆನೆಟ್‌ಗೆ ಹಾರಿಸಿಕೊಂಡು ಹೋದರು. ಏಜೆಂಟ್ ಹೇಳಿದ ಕೆಲಸ ಒಂದು, ಇಳಿದ ಮೇಲೆ ಕೊಟ್ಟ ಕೆಲಸ ಇನ್ನೊಂದು ಆದಾಗ ನಮ್ಮವರಿಗೂ ಹೀಗೆ ಕೂರಲಿಕ್ಕೆ ಆಗಿದ್ದರೆ! ಅದಕ್ಕೆ ಮೇಯರ್ ಆಗಿರಬೇಕು. ಅಷ್ಟೆಲ್ಲ ಹಟ ಮಾಡಿದರೂ ಅಂಚೆ ಬ್ರೂಕ್ಲಿನ್‌ಗೆ ಬರಲಿಲ್ಲ. ಕ್ವೀನ್ಸ್‌ನಲ್ಲಿ 1939ರಲ್ಲಿ ಹೊಸ ನಿಲ್ದಾಣ ಮಾಡಿಸಿದರು, ಅದಕ್ಕೆ ಈಗ ಅವರದೇ ಹೆಸರು.

ವ್ಯಾಪಾರ ಇಲ್ಲದ ಕಾರಣ ಫ್ಲಾಯ್ಡ್ ಬೆನೆಟ್ ಸಾಹಸಿಗಳ ಮೈದಾನವಾಯಿತು. 1933ರಲ್ಲಿ ವೈಲಿ ಪೋಸ್ಟ್ ಇಲ್ಲಿಂದ ಹೊರಟು ಒಬ್ಬನೇ ಏಳೂ ಮುಕ್ಕಾಲು ದಿನದಲ್ಲಿ ಜಗತ್ತು ಸುತ್ತಿ ಇಲ್ಲಿಗೇ ಬಂದ. ಅವನಿಗೆ ಒಂದೇ ಕಣ್ಣು. ಆದರೆ ಮಕ್ಕಳಿಗೆ ಮೆಚ್ಚುಗೆಯಾದದ್ದು ಡಗ್ಲಸ್ ಕಾರಿಗನ್. ಅವನಿಗೆ ಅಟ್ಲಾಂಟಿಕ್ ದಾಟಬೇಕು. ವಿಮಾನ ಹಳೆಯದು, ಸರಕಾರ ಪರವಾನಗಿ ಕೊಡಲಿಲ್ಲ. ಸರಿ, ಕ್ಯಾಲಿಫೋರ್ನಿಯಾಕ್ಕೆ ವಾಪಸು ಹೋಗುತ್ತೇನೆ ಅಂತ 1938ರ ಜುಲೈ 17ರ ಬೆಳಗ್ಗೆ ಹೊರಟ. ಪಶ್ಚಿಮಕ್ಕೆ ಹೋಗಬೇಕಾದವ ಪೂರ್ವಕ್ಕೆ ತಿರುಗಿದ, ಮೋಡದೊಳಗೆ ಹೋದ. 28 ಗಂಟೆ ಕಳೆದ ಮೇಲೆ ಐರ್ಲೆಂಡಿನ ಡಬ್ಲಿನ್ ಹತ್ತಿರ ಇಳಿದ! ಪಾಸ್‌ಪೋರ್ಟ್ ಇಲ್ಲ, ಏನೂ ಇಲ್ಲ. ದಿಕ್ಸೂಚಿ ತಪ್ಪಾಗಿ ನೋಡಿದೆ ಅಂತ ಹೇಳಿದ, ಸಾಯುವವರೆಗೂ ಅದನ್ನೇ ಹೇಳಿದ. ಶಿಕ್ಷೆ ಏನು? ಲೈಸನ್ಸ್ ಹದಿನಾಲ್ಕು ದಿನ ಅಮಾನತು. ಹಡಗಿನಲ್ಲಿ ವಾಪಸು ಬರುವಷ್ಟರಲ್ಲಿ ಅದೂ ಮುಗಿದಿತ್ತು. ನ್ಯೂಯಾರ್ಕಿನಲ್ಲಿ ಕಾಗದದ ಚೂರು ಹಾರಿಸಿ ಮೆರವಣಿಗೆ ಮಾಡಿದರು. ನಮ್ಮಲ್ಲಿ ಯಾರೂ ಇದನ್ನು ಪ್ರಯತ್ನ ಮಾಡಬೇಡಿ. ನಮಗೆ ಮೆರವಣಿಗೆ ಆಗಲಿಕ್ಕಿಲ್ಲ.

1941ರಲ್ಲಿ ನೌಕಾಪಡೆ ಮೈದಾನವನ್ನು ತೆಗೆದುಕೊಂಡಿತು, 1971ರಲ್ಲಿ ಬಿಟ್ಟಿತು. ಮರುವರ್ಷ ಅದು ರಾಷ್ಟ್ರೀಯ ಉದ್ಯಾನದ ಭಾಗವಾಯಿತು. ಆಮೇಲೆ ಐವತ್ತು ವರ್ಷ ಹೆಚ್ಚಿನವರು ಮರೆತೇ ಬಿಟ್ಟಿದ್ದರು.

ಪುನಃ ನೆನಪಾದದ್ದು 2023ರಲ್ಲಿ. ಆ ನವೆಂಬರ್‌ನಲ್ಲಿ ಈ ರನ್‌ವೇ ಮೇಲೆ ದೊಡ್ಡ ದೊಡ್ಡ ಟೆಂಟ್ ಹಾಕಿ, ವೆನೆಜುವೆಲಾ, ಈಕ್ವೆಡಾರ್ ಮೊದಲಾದ ಕಡೆಯಿಂದ ಬಂದ ವಲಸೆ ಕುಟುಂಬಗಳನ್ನು ಇಟ್ಟರು. ಸುಮಾರು ಎರಡು ಸಾವಿರ ಜನ, ತುಂಬಾ ಮಕ್ಕಳು. ಸಮುದ್ರದ ಗಾಳಿ. ಅಂಗಡಿ ಇಲ್ಲ, ಸಬ್‌ವೇ ಇಲ್ಲ, ಮಕ್ಕಳು ಶಾಲೆಗೆ ಬಸ್ಸಿನಲ್ಲಿ ದೂರ ಹೋಗಬೇಕು. 2024ರ ಜನವರಿ 9ರಂದು ಬಿರುಗಾಳಿಯ ಮುನ್ಸೂಚನೆ ಬಂದಾಗ ಅವರನ್ನೆಲ್ಲ ಬಸ್ಸಿನಲ್ಲಿ ಜೇಮ್ಸ್ ಮ್ಯಾಡಿಸನ್ ಹೈಸ್ಕೂಲಿಗೆ ಸಾಗಿಸಿದರು. ಬೆಳಗಾಗುವ ಮೊದಲೇ ವಾಪಸು. ಮರುದಿನ ಆ ಶಾಲೆಯ ಪಾಠ ಆನ್‌ಲೈನ್ ಆಯಿತು, ಅದಕ್ಕೆ ಎಷ್ಟೋ ಜನ ಈ ಕುಟುಂಬಗಳ ಮೇಲೆ ಸಿಟ್ಟಾದರು. 2025ರ ಜನವರಿಯಲ್ಲಿ ಟೆಂಟ್‌ಗಳನ್ನು ತೆಗೆದರು.

ಆ ಚಳಿಯಲ್ಲಿ ನಮ್ಮಲ್ಲಿ ಟ್ಯಾಕ್ಸಿ ಓಡಿಸುವ ಇಬ್ಬರು ಮಕ್ಕಳ ಜಾಕೆಟ್, ಬೂಟು ಕಟ್ಟಿಕೊಂಡು ಅಲ್ಲಿ ಹೋಗಿದ್ದರು. ಈ ಬೇಸಿಗೆಯಲ್ಲಿ ಅದೇ ಜಾಗ ತೋರಿಸಿದರು. ಟೆಂಟಿನ ಗುರುತು ಎಂತದೂ ಇಲ್ಲ. ಬರೀ ಕಾಂಕ್ರೀಟ್. ಒಂದು ಹುಡುಗಿ ಬಸ್ ಸ್ಟಾಪಿನಲ್ಲಿ ತಮ್ಮನಿಗೆ ಬೂಟಿನ ದಾರ ಕಟ್ಟುತ್ತಿದ್ದಳು, ಇಲ್ಲೇ, ಅಂತ ಒಬ್ಬರು ಹೇಳಿದರು. ಇನ್ನೊಬ್ಬರು, ಇಲ್ಲಿ ಅಲ್ಲ, ಆಚೆ, ಅಂದರು. ಒಂದೂವರೆ ವರ್ಷದಲ್ಲೇ ಇಬ್ಬರ ನೆನಪು ಬೇರೆಯಾಗಿತ್ತು. ಅಲ್ಲಿ ನಿಂತಾಗ ನಮಗೆ ಬಜ್ಪೆಯ ಮಾತು ಬಂತು.

ಬಜ್ಪೆ ಎಷ್ಟು ಹಳೆಯದು ಗೊತ್ತುಂಟಾ? 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದು ಇಳಿದಾಗ ಶುರು. ಗುಡ್ಡೆಯ ತಲೆ ಸಮ ಮಾಡಿದ ಮೈದಾನ, ರನ್‌ವೇ 1,615 ಮೀಟರ್. ದೊಡ್ಡ ವಿಮಾನ ಇಳಿಯುವ ಹಾಗಿರಲಿಲ್ಲ. ಅದಕ್ಕೇ ನಮ್ಮ ಬಾಪಂದಿರ ಕಾಲದಲ್ಲಿ ಗಲ್ಫಿಗೆ ಹೋಗುವ ದಾರಿ ಬೊಂಬಾಯಿ. ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ. ಅಲ್ಲಿ ಲಾಡ್ಜಿನಲ್ಲಿ ಹತ್ತು ಜನ ಒಂದು ಕೋಣೆಯಲ್ಲಿ, ವೀಸಾ ಇವತ್ತು ಬರುತ್ತದೆ ನಾಳೆ ಬರುತ್ತದೆ ಅಂತ ಏಜೆಂಟನ ಬಾಯಿ ನೋಡಿಕೊಂಡು. ತಂದ ದುಡ್ಡು ಮುಗಿದು ವಾಪಸು ಬಂದವರೂ ಉಂಟು, ಊರಿಗೆ ಮುಖ ತೋರಿಸಲಾಗದೆ ಬೊಂಬಾಯಿಯ ಹೋಟೆಲಿನಲ್ಲೇ ಉಳಿದವರೂ ಉಂಟು.

2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಆಯಿತು. ಅದೇ ವರ್ಷ ದುಬೈಗೆ ನೇರ ವಿಮಾನ. ಆ ಹಳೆಯ ಟರ್ಮಿನಲ್ ನೆನಪು ಮಾಡಿ. ಸಣ್ಣದು. ಒಬ್ಬ ಹೋಗುವವನಿಗೆ ಹದಿನೈದು ಜನ ಬಿಡಲಿಕ್ಕೆ, ಜೀಪಿನಲ್ಲಿ. ಹಗ್ಗ ಕಟ್ಟಿದ ಪೆಟ್ಟಿಗೆ, ಅದರ ಮೇಲೆ ಪೈಂಟಿನಲ್ಲಿ ಹೆಸರು. 2010ರ ಮೇ ತಿಂಗಳಲ್ಲಿ ಕೆಂಜಾರು ಬದಿಯಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. ಅದಾಗಿ ಒಂದೇ ವಾರಕ್ಕೆ, ಮೇ 22ರ ಬೆಳಗ್ಗೆ, ದುಬೈಯಿಂದ ಬಂದ ವಿಮಾನ ರನ್‌ವೇಯಲ್ಲಿ ನಿಲ್ಲದೆ ಗುಡ್ಡೆಯಿಂದ ಕೆಳಗೆ ಹೋಯಿತು. 158 ಜನ ತೀರಿಕೊಂಡರು, 8 ಜನ ಉಳಿದರು. ರಜೆಯಲ್ಲಿ ಮದುವೆಗೆ ಬರುವವರು, ಕೆಲಸ ಬಿಟ್ಟು ಶಾಶ್ವತವಾಗಿ ಬರುವವರು, ಸಣ್ಣ ಮಕ್ಕಳು. ಗುರುತು ಸಿಗದ 12 ದೇಹಗಳನ್ನು ಕೂಳೂರು ಹತ್ತಿರ ನದಿಯ ಬದಿಯಲ್ಲಿ ದಫನ ಮಾಡಿದರು. ಅಲ್ಲಿ ಈಗ ಸ್ಮಾರಕ ಉದ್ಯಾನ ಉಂಟು. ನಮ್ಮಲ್ಲೊಬ್ಬರ ಭಾವ ಆ ವಿಮಾನದಲ್ಲಿದ್ದರು. ಮುನ್ನಾದಿನ ಕೊನೆಯ ಸಲ ಫೋನ್ ಮಾಡಿದಾಗ ಅವರು ಕೇಳಿದ್ದು, ಮಾವಿನ ಮಿಡಿ ಉಪ್ಪಿಗೆ ಹಾಕಿದ್ದೀರಾ ಅಂತ. ಆ ಭರಣಿಯನ್ನು ಅಕ್ಕ ಇವತ್ತಿಗೂ ಬೇರೆ ಏನಕ್ಕೂ ಉಪಯೋಗಿಸಿಲ್ಲ.

ಮೇ 22 ಪತ್ರಿಕೆಯಲ್ಲಿ ಪ್ರತಿ ವರ್ಷ ಬರುತ್ತದೆ, ಬರಬೇಕು. ಆದರೆ 1951ರಿಂದ 2010ರವರೆಗೆ ಆ ಗುಡ್ಡೆಯಿಂದ ಹೋದವರ, ಬಂದವರ ಕಥೆ ಎಲ್ಲಿ ಉಂಟು? ರೂಸ್‌ವೆಲ್ಟ್ ಫೀಲ್ಡಿಗೆ ಫಲಕ ಉಂಟು, ಪುಸ್ತಕ ಉಂಟು. ಬೊಂಬಾಯಿಯ ಲಾಡ್ಜಿನಲ್ಲಿ ನಲವತ್ತು ದಿನ ಕಾದ ನಮ್ಮ ಅಜ್ಜಂದಿರ ಬಗ್ಗೆ ಎಂತ ಉಂಟು? ಹೇಳುವವರು ವರ್ಷಕ್ಕೆ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಹೋದ ರಂಜಾನಿನ ಕೂಟದಲ್ಲಿ ನಮ್ಮ ಜೊತೆ ಕೂತಿದ್ದ ಇಬ್ಬರು ಹಿರಿಯರು ಈ ಸಲ ಇಲ್ಲ. ಅವರಲ್ಲಿ ಒಬ್ಬರು ಬಜ್ಪೆಯಲ್ಲಿ ಲೋಡರ್ ಆಗಿದ್ದವರು. ನಾವು ಅವರ ಹತ್ತಿರ ಒಂದು ಮಾತೂ ಕೇಳಿ ಬರೆದಿಟ್ಟಿರಲಿಲ್ಲ. ಊಟ ಬಡಿಸಿದ್ದೇವೆ, ಕೈಕುಲುಕಿದ್ದೇವೆ, ಅಷ್ಟೇ. ಆ ತಪ್ಪು ನಮ್ಮದು.

ಹಾಗಾಗಿ ಒಂದು ಕೆಲಸಕ್ಕೆ ಇಳಿದಿದ್ದೇವೆ. ಹಳೆಯ ಟಿಕೆಟ್, ನೀಲಿ ಏರ್‌ಮೇಲ್ ಕವರು, ಬೊಂಬಾಯಿಯ ಲಾಡ್ಜಿನ ರಸೀದಿ, ಬಜ್ಪೆ ಟರ್ಮಿನಲ್ ಎದುರು ತೆಗೆದ ಫೋಟೋ, ಯಾವುದಾದರೂ ಇದ್ದರೆ ತನ್ನಿ. ಫೋನಿನಲ್ಲಿ ಫೋಟೋ ತೆಗೆದುಕೊಂಡು ಅಲ್ಲೇ ವಾಪಸು ಕೊಡುತ್ತೇವೆ, ಯಾರದ್ದೂ ಇಟ್ಟುಕೊಳ್ಳುವುದಿಲ್ಲ. ಕಾಗದದ ಒಳಗಿನ ಮಾತು ಬೇಡ, ಅದು ನಿಮ್ಮದು. ಕವರಿನ ಮೇಲಿನ ವಿಳಾಸ, ಮುದ್ರೆಯ ತಾರೀಕು ಸಾಕು. ಗಲ್ಫಿನಲ್ಲಿ ಓದುವವರು, ಊರಿನಲ್ಲಿ ಓದುವವರು ಈ ಪತ್ರಿಕೆಯ ವಿಳಾಸಕ್ಕೆ ಕಳಿಸಬಹುದು. ಮನೆಯಲ್ಲಿ ವಯಸ್ಸಾದವರಿದ್ದರೆ ಹತ್ತು ನಿಮಿಷ ಫೋನಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿ, ಬ್ಯಾರಿಯಲ್ಲೇ ಮಾತಾಡಲಿ, ಕನ್ನಡಕ್ಕೆ ನಾವು ಬರೆದುಕೊಳ್ಳುತ್ತೇವೆ. ಆ ಇಬ್ಬರು ಅಜ್ಜಿಯಂದಿರು ಬರೆಯಲಿಕ್ಕೆ ಒಪ್ಪಿದ್ದಾರೆ. ಕಾಗದ ಬರೆದು ಅಭ್ಯಾಸ ಉಂಟಲ್ಲ!

ಮುಂದಿನ ತಿಂಗಳು ಎರಡನೇ ಭಾನುವಾರ ಫ್ಲಾಯ್ಡ್ ಬೆನೆಟ್‌ಗೆ ಪುನಃ ಹೋಗುವುದುಂಟು. ಜ್ಯಾಕ್ಸನ್ ಹೈಟ್ಸ್‌ನ ನಮ್ಮ ತಮ್ಮನೂ ಬರುತ್ತಾನೆ, ಅವನಿಗೆ ಆ ಉದ್ದ ರನ್‌ವೇ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಬೇಕಂತೆ. ವ್ಯಾನಿನಲ್ಲಿ ಇನ್ನು ನಾಲ್ಕು ಸೀಟು ಬಾಕಿ. ಅಸರ್ ಅಲ್ಲೇ ಮಾಡುವುದು, ಚಾಪೆ ನಾವು ತರುತ್ತೇವೆ. ಗಾಳಿ ಜೋರು ಉಂಟು, ಮಕ್ಕಳಿಗೆ ಜಾಕೆಟ್ ತನ್ನಿ.

ಬಿರಿಯಾನಿ ಬಂತು ಅಂತ ಹಿಂದಿನಿಂದ ಕೈ ಮಾಡುತ್ತಿದ್ದಾರೆ.